ಹಳೆಯ ಸೆಡಾನ್ ಕಾರು: ಸಾಮಾನ್ಯ ದೋಷಗಳು, ಪಾಲನೆ ಮತ್ತು ವೆಚ್ಚದ ಲೆಕ್ಕ

ಸಣ್ಣ ಕಾರ್ಖಾನೆಯ ಲೇತ್ ಯಂತ್ರಕ್ಕೆ ಪ್ರತಿದಿನ ಬೆಳಿಗ್ಗೆ ತಪ್ಪದೆ ಎಣ್ಣೆ ಬೀಳುತ್ತದೆ. ಕಂಪ್ರೆಸರ್‌ನ ತೊಟ್ಟಿಯಲ್ಲಿ ಸೇರಿದ ನೀರನ್ನು ಸಂಜೆ ಹೊರಬಿಡಲಾಗುತ್ತದೆ. ಮೋಟಾರಿನ ಬೇರಿಂಗ್ ಸ್ವಲ್ಪ ಸದ್ದು ಮಾಡಿದರೂ ಮಾಲೀಕರ ಕಿವಿ ನೆಟ್ಟಗಾಗುತ್ತದೆ. ಆದರೆ ಅದೇ ಕಾರ್ಖಾನೆಯ ಬಾಗಿಲಲ್ಲಿ ನಿಂತಿರುವ, ಹತ್ತು ಹದಿನೈದು ವರ್ಷ ಹಳೆಯದಾದ ಕಾರಿನ ಬಾನೆಟ್ಟನ್ನು ಅದು ದಾರಿಯಲ್ಲಿ ಕೆಟ್ಟು ನಿಂತ ದಿನ ಮಾತ್ರ ತೆರೆಯುವುದು ವಾಡಿಕೆಯಾಗಿಬಿಟ್ಟಿದೆ. ವಸೂಲಿ, ಬ್ಯಾಂಕು, ತೆರಿಗೆ ಕಚೇರಿ, ಪರಸ್ಥಳದ ಗಿರಾಕಿಗಳಿಗೆ ಮಾದರಿ ಸರಕು ತೋರಿಸುವುದು, ಇವೆಲ್ಲಕ್ಕೂ ಆಧಾರವಾಗಿರುವ ಈ ವಾಹನವೂ ಉದ್ಯಮದ ಒಂದು ಯಂತ್ರವೇ ಆಗಿದೆ. ಅದಕ್ಕೂ ಪಾಲನೆಯ ವೇಳಾಪಟ್ಟಿ ಬೇಕು, ಖರ್ಚಿನ ಪುಸ್ತಕ ಬೇಕು. ಹಳೆಯ ಸೆಡಾನ್ ಕಾರಿನಲ್ಲಿ ಪದೇ ಪದೇ ಕಂಡುಬರುವ ದೋಷಗಳು, ಅವುಗಳ ಮುನ್ಸೂಚನೆಗಳು ಹಾಗೂ ಅದನ್ನು ಇಟ್ಟುಕೊಳ್ಳಬೇಕೋ ಮಾರಬೇಕೋ ಎಂಬುದನ್ನು ನಿರ್ಧರಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಪೀಳಿಗೆಯ ವ್ಯತ್ಯಾಸ

ಅಂಬಾಸಡರ್ ಕಾರಿನ ಕಾಲದಲ್ಲಿ ಯಾವ ಊರಿನ ಮೇಸ್ತ್ರಿಯಾದರೂ ಸ್ಪ್ಯಾನರ್ ಮತ್ತು ಅನುಭವದಿಂದಲೇ ಗಾಡಿಯನ್ನು ಸರಿಪಡಿಸಬಲ್ಲವನಾಗಿದ್ದನು. ಆ ಕಾರಿನ ಉತ್ಪಾದನೆ 2014ರಲ್ಲಿ ನಿಂತಿತು. ಇಂದು ಹಳೆಯ ಸೆಡಾನ್ ಎಂದರೆ ಹೋಂಡಾ ಸಿಟಿ, ಹ್ಯುಂಡೈ ಆಕ್ಸೆಂಟ್, 2007ರವರೆಗೆ ತಯಾರಾದ ಮಾರುತಿ ಎಸ್ಟೀಮ್, 2008ರಲ್ಲಿ ಬಂದ ಸ್ವಿಫ್ಟ್ ಡಿಜೈರ್ ಮುಂತಾದವು. ಇವುಗಳಲ್ಲಿ ಬಹುಪಾಲು ಕಾರುಗಳಲ್ಲಿ ಕಾರ್ಬ್ಯುರೇಟರ್ ಇಲ್ಲ. ಇಂಧನದ ಪ್ರಮಾಣವನ್ನು ಸೆನ್ಸರ್‌ಗಳ ಸೂಚನೆಯಂತೆ ಗಣಕ ಘಟಕವೇ ನಿರ್ಧರಿಸುತ್ತದೆ. ಆದುದರಿಂದ ಒಂದು ಮಾದರಿಯ ಅನುಭವವನ್ನು ಇನ್ನೊಂದಕ್ಕೆ ಹಾಗೆಯೇ ಅನ್ವಯಿಸಲಾಗದು. ಉದಾಹರಣೆಗೆ, 2003ರಲ್ಲಿ ಭಾರತಕ್ಕೆ ಬಂದ ಹೋಂಡಾ ಸಿಟಿಯ ಐ-ಡಿಎಸ್‌ಐ ಎಂಜಿನ್ನಿಗೆ ಪ್ರತಿ ಸಿಲಿಂಡರಿಗೆ ಎರಡರಂತೆ ಒಟ್ಟು 8 ಸ್ಪಾರ್ಕ್ ಪ್ಲಗ್‌ಗಳಿವೆ. ಇದನ್ನರಿಯದ ಗ್ಯಾರೇಜಿನಲ್ಲಿ ಎದುರಿಗೆ ಕಾಣುವ ನಾಲ್ಕನ್ನು ಮಾತ್ರ ಬದಲಿಸಿ, ಕೈಗೆ ಸುಲಭವಾಗಿ ಸಿಗದ ಹಿಂಬದಿಯ ನಾಲ್ಕನ್ನು ಹಾಗೆಯೇ ಬಿಡುವ ಸಂಭವವಿದೆ. ಮಾಲೀಕರು ಬಿಲ್ಲಿನಲ್ಲಿ ಪ್ಲಗ್‌ಗಳ ಸಂಖ್ಯೆಯನ್ನು ನೋಡಿದರೆ ಸಾಕು, ವಿಷಯ ತಿಳಿಯುತ್ತದೆ. ಕಾರಿನ ಮೂಲ ಕೈಪಿಡಿಯನ್ನು ಸಂಪಾದಿಸಿ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಇಡುವುದು ಪಾಲನೆಯ ಮೊದಲ ಹೆಜ್ಜೆ.

ತಂಪುಗೊಳಿಸುವ ವ್ಯವಸ್ಥೆ: ಅಗ್ಗದ ದೋಷ, ದುಬಾರಿ ಪರಿಣಾಮ

ಹಳೆಯ ಕಾರುಗಳ ಎಂಜಿನ್ ಹಾಳಾಗುವುದಕ್ಕೆ ಪ್ರಮುಖ ಕಾರಣಗಳಲ್ಲಿ ಒಂದು ಅತಿಯಾದ ಕಾವು. ಇದರ ಮೂಲ ಬಹುತೇಕ ಸಂದರ್ಭಗಳಲ್ಲಿ ಕೆಲವು ನೂರು ರೂಪಾಯಿಯ ಬಿಡಿಭಾಗವೇ ಆಗಿರುತ್ತದೆ: ಉಬ್ಬಿದ ರಬ್ಬರ್ ಹೋಸ್, ಸಡಿಲಗೊಂಡ ಕ್ಲಿಪ್ಪು, ಒತ್ತಡ ಹಿಡಿಯದ ರೇಡಿಯೇಟರ್ ಮುಚ್ಚಳ, ಫ್ಯಾನಿನ ರಿಲೇ. ಈ ಕಾರುಗಳ ರೇಡಿಯೇಟರಿನ ಮೇಲಿನ ಮತ್ತು ಕೆಳಗಿನ ತೊಟ್ಟಿಗಳು ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನವು. ವರ್ಷಗಳ ಕಾವಿನಿಂದ ಅವು ಪೆಡಸಾಗಿ ಬಿರುಕು ಬಿಡುತ್ತವೆ.

ಎರಡು ರೂಢಿಗಳು ಈ ತೊಂದರೆಯನ್ನು ಹೆಚ್ಚಿಸಿವೆ. ಮೊದಲನೆಯದು, ಕೂಲೆಂಟ್ ಕಡಿಮೆಯಾದಾಗ ಕೊಳವೆ ಬಾವಿಯ ನೀರನ್ನು ಸುರಿಯುವುದು. ಬಯಲುಸೀಮೆಯ ಬಹಳಷ್ಟು ಕೊಳವೆ ಬಾವಿಗಳ ನೀರು ಗಡಸು. ಬಾಯ್ಲರಿನಲ್ಲಿ ಕಟ್ಟುವಂತೆಯೇ ರೇಡಿಯೇಟರಿನ ಸಣ್ಣ ನಾಳಗಳಲ್ಲಿಯೂ ಸುಣ್ಣದ ಪದರ ಕಟ್ಟುತ್ತದೆ, ಅಲ್ಯೂಮಿನಿಯಮ್ ಭಾಗಗಳು ಸವೆಯುತ್ತವೆ. ಎರಡನೆಯದು, ಕಾವು ಏರುತ್ತದೆಂದು ಥರ್ಮೋಸ್ಟಾಟನ್ನೇ ಕಿತ್ತುಹಾಕುವುದು. ಆಗ ಎಂಜಿನ್ ತನಗೆ ಬೇಕಾದ ಉಷ್ಣತೆಯನ್ನು ಬೇಗ ತಲುಪುವುದಿಲ್ಲ. ಎಂಜಿನ್ ಇನ್ನೂ ತಣ್ಣಗಿದೆಯೆಂದು ತಿಳಿದ ಗಣಕ ಘಟಕವು ಹೆಚ್ಚು ಪೆಟ್ರೋಲ್ ಬಿಡುತ್ತದೆ. ಇಂಧನದ ಖರ್ಚೂ ಸವೆತವೂ ಏರುತ್ತವೆ. ಮೂಲ ದೋಷ ಮಾತ್ರ ಹಾಗೆಯೇ ಉಳಿಯುತ್ತದೆ.

ಪ್ರಯಾಣದ ನಡುವೆ ಉಷ್ಣತೆಯ ಮುಳ್ಳು ಏರತೊಡಗಿದರೆ ಹವಾನಿಯಂತ್ರಣವನ್ನು ನಿಲ್ಲಿಸಿ, ಹೀಟರನ್ನು ಪೂರ್ಣ ತೆರೆದು, ಸುರಕ್ಷಿತ ಜಾಗದಲ್ಲಿ ಗಾಡಿಯನ್ನು ನಿಲ್ಲಿಸಿ ಎಂಜಿನನ್ನು ಆರಿಸಬೇಕು. ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳವನ್ನು ಎಂದಿಗೂ ತೆರೆಯಬಾರದು. "ಇನ್ನು ಹತ್ತೇ ಕಿಲೋಮೀಟರು, ಊರು ಬಂತು" ಎಂದು ಓಡಿಸಿದರೆ ಅಲ್ಯೂಮಿನಿಯಮ್ ಸಿಲಿಂಡರ್ ಹೆಡ್ ಬಾಗಿ, ಹೆಡ್ ಗ್ಯಾಸ್ಕೆಟ್ ಸುಟ್ಟುಹೋಗುತ್ತದೆ. ನೂರರಲ್ಲಿ ಮುಗಿಯಬೇಕಾದ ಖರ್ಚು ಹತ್ತಾರು ಸಾವಿರಕ್ಕೆ ಏರುತ್ತದೆ. ಎಣ್ಣೆಯ ಮುಚ್ಚಳದ ಒಳಗೆ ಹಾಲುಬಣ್ಣದ ಲೇಪ ಕಂಡರೆ, ಅಥವಾ ಹೊರಗೆ ಎಲ್ಲೂ ಸೋರದೆ ಕೂಲೆಂಟ್ ಕಡಿಮೆಯಾಗುತ್ತಿದ್ದರೆ, ಗ್ಯಾಸ್ಕೆಟ್ ಪರೀಕ್ಷೆಯನ್ನು ಮುಂದೂಡಬಾರದು. ಕೈಪಿಡಿ ಬೇರೆ ಅವಧಿ ಹೇಳದಿದ್ದಲ್ಲಿ ಎರಡು ವರ್ಷಕ್ಕೊಮ್ಮೆ ಕೂಲೆಂಟನ್ನು ಪೂರ್ಣವಾಗಿ ಬದಲಿಸುವುದು ಲೇಸು.

ಟೈಮಿಂಗ್ ಬೆಲ್ಟ್ ಮತ್ತು ಎಂಜಿನ್ ಎಣ್ಣೆ

ವಾಲ್ವುಗಳನ್ನೂ ಪಿಸ್ಟನ್ನುಗಳನ್ನೂ ಒಂದೇ ತಾಳದಲ್ಲಿ ನಡೆಸುವುದು ಟೈಮಿಂಗ್ ಬೆಲ್ಟ್ ಅಥವಾ ಚೈನು. ಎಸ್ಟೀಮ್, ಪೆಟ್ರೋಲ್ ಆಕ್ಸೆಂಟ್ ಮುಂತಾದವುಗಳಲ್ಲಿ ರಬ್ಬರ್ ಬೆಲ್ಟ್ ಇದೆ. 2003ರ ನಂತರದ ಸಿಟಿ ಮತ್ತು ಡೀಸೆಲ್ ಡಿಜೈರ್‌ಗಳಲ್ಲಿ ಚೈನು ಇದೆ. ಬೆಲ್ಟಿಗೆ ಮುನ್ಸೂಚನೆ ಕೊಟ್ಟು ಹರಿಯುವ ಸ್ವಭಾವವಿಲ್ಲ. ಅನೇಕ ಎಂಜಿನ್ನುಗಳಲ್ಲಿ ಅದು ಹರಿದ ಕ್ಷಣವೇ ಪಿಸ್ಟನ್ ಮೇಲೆ ಬಂದು ವಾಲ್ವಿಗೆ ಬಡಿದು ಅದನ್ನು ಬಗ್ಗಿಸುತ್ತದೆ. ತಯಾರಕರು ಮಾದರಿಗನುಗುಣವಾಗಿ ಸಾಮಾನ್ಯವಾಗಿ 60,000ದಿಂದ 1,00,000 ಕಿ.ಮೀ. ಒಳಗೆ ಬದಲಿಸಲು ಸೂಚಿಸುತ್ತಾರೆ. ಓಡದೆ ನಿಂತ ಕಾರಿನಲ್ಲಿಯೂ ರಬ್ಬರಿಗೆ ವಯಸ್ಸಾಗುತ್ತದೆ ಎಂಬುದನ್ನು ಮರೆಯಬಾರದು. ಬಳಸಿದ ಕಾರನ್ನು ಕೊಂಡಾಗ ಹಿಂದಿನ ದಾಖಲೆ ಸಿಗದಿದ್ದರೆ, ಬೆಲ್ಟನ್ನು ಬದಲಿಸಿಲ್ಲವೆಂದೇ ಭಾವಿಸಿ, ಟೆನ್ಷನರ್ ಸಮೇತ ಹೊಸದನ್ನು ಹಾಕಿಸುವುದು ವಿವೇಕ. ನೀರಿನ ಪಂಪೂ ಅದೇ ಬೆಲ್ಟಿನಿಂದ ನಡೆಯುವ ಎಂಜಿನ್ನಿನಲ್ಲಿ ಅದನ್ನೂ ಜೊತೆಗೇ ಬದಲಿಸಿದರೆ ಕೂಲಿ ಎರಡು ಬಾರಿ ತೆರಬೇಕಾಗುವುದಿಲ್ಲ.

ಚೈನಿನ ಆಯುಷ್ಯ ದೀರ್ಘವಾದರೂ ಅದು ಎಣ್ಣೆಯನ್ನೇ ನಂಬಿರುತ್ತದೆ. ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಎಂಜಿನ್ನಿನ ಪಕ್ಕದಿಂದ ಗಲಗಲ ಸದ್ದು ಕೆಲವು ಕ್ಷಣ ಕೇಳಿಬಂದರೆ ಚೈನು ಇಲ್ಲವೇ ಅದರ ಟೆನ್ಷನರ್ ಸಡಿಲಗೊಂಡಿರಬಹುದು. ಕೈಪಿಡಿ ಹೇಳಿದ ದರ್ಜೆಯ ಎಣ್ಣೆಯನ್ನು ನಿಗದಿತ ಕಿಲೋಮೀಟರಿಗೆ, ಓಡಾಟ ಕಡಿಮೆಯಿದ್ದರೆ ವರ್ಷಕ್ಕೊಮ್ಮೆಯಾದರೂ, ಫಿಲ್ಟರ್ ಸಮೇತ ಬದಲಿಸಬೇಕು. ಹಳೆಯ ಎಂಜಿನ್ ಕೊಂಚ ಎಣ್ಣೆ ಕುಡಿಯುವುದು ಸಹಜ. ಆದುದರಿಂದ ವಾರಕ್ಕೊಮ್ಮೆ ಡಿಪ್‌ಸ್ಟಿಕ್ ನೋಡುವುದು ಅವಶ್ಯ. ಹೊಗೆಯ ಬಣ್ಣವೂ ಒಂದು ಭಾಷೆಯೇ. ನೀಲಿ ಹೊಗೆ ಎಣ್ಣೆ ಸುಡುತ್ತಿರುವುದನ್ನು, ಕಪ್ಪು ಹೊಗೆ ಇಂಧನ ಹೆಚ್ಚಾಗಿ ಬೀಳುತ್ತಿರುವುದನ್ನು ಅಥವಾ ಗಾಳಿ ಸಾಲದಿರುವುದನ್ನು, ಎಂಜಿನ್ ಬಿಸಿಯಾದ ಮೇಲೂ ನಿಲ್ಲದ ದಟ್ಟ ಬಿಳಿ ಹೊಗೆ ಕೂಲೆಂಟ್ ಒಳಸೇರುತ್ತಿರುವುದನ್ನು ಸೂಚಿಸುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಬಿಳಿ ಹೊಗೆಗೆ ಇಂಜೆಕ್ಟರಿನ ದೋಷವೂ ಕಾರಣವಾಗಬಹುದು.

ಇ-20 ಪೆಟ್ರೋಲ್ ಮತ್ತು ಹಳೆಯ ಎಂಜಿನ್

2025ರ ವೇಳೆಗೆ ದೇಶದಲ್ಲಿ ಪೆಟ್ರೋಲಿಗೆ ಶೇ. 20ರಷ್ಟು ಎಥನಾಲ್ ಬೆರೆಸುವ ಗುರಿ ತಲುಪಲಾಯಿತು. ಹಳೆಯ ಕಾರುಗಳ ರಬ್ಬರ್ ಕೊಳವೆ ಮತ್ತು ಗ್ಯಾಸ್ಕೆಟ್ಟುಗಳನ್ನು ಈ ಪ್ರಮಾಣವನ್ನು ಮನಸ್ಸಿನಲ್ಲಿಟ್ಟು ತಯಾರಿಸಿರಲಿಲ್ಲ. ಎಥನಾಲಿನ ಶಾಖಮೌಲ್ಯ ಪೆಟ್ರೋಲಿಗಿಂತ ಕಡಿಮೆಯಾದ್ದರಿಂದ ಮೈಲೇಜು ಕೊಂಚ ಇಳಿಯುತ್ತದೆ. ಅದು ತೇವವನ್ನು ಹೀರುವ ದ್ರವವೂ ಹೌದು. ತಿಂಗಳುಗಟ್ಟಲೆ ಅರ್ಧ ಟ್ಯಾಂಕಿನೊಂದಿಗೆ ನಿಲ್ಲುವ ಕಾರಿನಲ್ಲಿ ತೇವ ಸೇರಿ, ಲೋಹದ ಟ್ಯಾಂಕು ತುಕ್ಕು ಹಿಡಿಯಬಹುದು. ಟ್ಯಾಂಕಿನಲ್ಲಿ ಹಿಂದಿನಿಂದ ಕೂತಿದ್ದ ಕಸವನ್ನು ಎಥನಾಲ್ ಸಡಿಲಿಸುವುದರಿಂದ ಇಂಧನ ಫಿಲ್ಟರ್ ಬೇಗ ಕಟ್ಟಿಕೊಳ್ಳುವ ಸಂಭವವೂ ಉಂಟು.

ಗಾಬರಿಗೆ ಕಾರಣವಿಲ್ಲ, ಎಚ್ಚರಿಕೆಗೆ ಇದೆ. ವರ್ಷಕ್ಕೊಮ್ಮೆ ಇಂಧನದ ಕೊಳವೆಗಳನ್ನು ಮುಟ್ಟಿ ನೋಡಿಸಬೇಕು. ಮೆತ್ತಗಾದ, ಬಿರುಕುಬಿಟ್ಟ ಅಥವಾ ಪೆಟ್ರೋಲ್ ವಾಸನೆ ಬರುವ ಕೊಳವೆಯನ್ನು ಎಥನಾಲ್ ತಡೆಯುವ ದರ್ಜೆಯ ಕೊಳವೆಯಿಂದ ಬದಲಿಸಬೇಕು. ಇದು ಬೆಂಕಿಯ ಅಪಾಯಕ್ಕೆ ಸಂಬಂಧಿಸಿದ ವಿಷಯ. ನಿಂತಲ್ಲಿ ಎಂಜಿನ್ ನಡುಗುವುದು, ಆರಿಹೋಗುವುದು ಕಂಡುಬಂದರೆ ನೇರವಾಗಿ ದುಬಾರಿ ಸೆನ್ಸರ್ ಕೊಳ್ಳುವ ಬದಲು ಗಾಳಿಯ ಫಿಲ್ಟರ್, ಥ್ರಾಟಲ್ ಬಾಡಿಯಲ್ಲಿನ ಮಸಿ, ಸೀಳಿದ ವ್ಯಾಕ್ಯೂಮ್ ಕೊಳವೆ, ಪ್ಲಗ್ ಎಂಬ ಅನುಕ್ರಮದಲ್ಲಿ ಅಗ್ಗದಿಂದ ಆರಂಭಿಸಿ ಪರೀಕ್ಷಿಸಬೇಕು.

ಬ್ರೇಕು: ಉಳಿತಾಯ ಸಲ್ಲದ ಸ್ಥಾನ

ಬ್ರೇಕ್ ದ್ರವವು ಕಾಲಕ್ರಮದಲ್ಲಿ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಅದರ ಕುದಿಬಿಂದು ಇಳಿಯುತ್ತದೆ. ಊರೊಳಗಿನ ಓಡಾಟದಲ್ಲಿ ಇದು ಗೊತ್ತಾಗುವುದಿಲ್ಲ. ಶಿರಾಡಿ, ಚಾರ್ಮಾಡಿ ಅಥವಾ ಆಗುಂಬೆ ಘಾಟಿಯ ಇಳಿಜಾರಿನಲ್ಲಿ ಬ್ರೇಕನ್ನು ಎಡೆಬಿಡದೆ ತುಳಿದಾಗ ದ್ರವ ಕುದಿದು ಆವಿಯ ಗುಳ್ಳೆಗಳು ಏಳುತ್ತವೆ. ಪೆಡಲ್ ನೆಲ ಮುಟ್ಟಿದರೂ ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ದ್ರವ ಬದಲಿಸುವುದು ಮತ್ತು ಘಾಟಿಯನ್ನು ಏರುವ ಗೇರಿನಲ್ಲಿಯೇ ಇಳಿಯುವುದು, ಇವೆರಡೂ ಈ ಅಪಾಯವನ್ನು ಬಹುಮಟ್ಟಿಗೆ ತಡೆಯುತ್ತವೆ.

ವ್ಯಾಪಾರಿಗಳ ಕಾರಿಗೆ ಇನ್ನೊಂದು ವಿಶೇಷ ಅಪಾಯವಿದೆ. ಸೆಡಾನಿನ ಡಿಕ್ಕಿ ದೊಡ್ಡದು. ಅದರಲ್ಲಿ ಮಾದರಿ ಚೀಲಗಳು, ಬಟ್ಟೆಯ ಗಂಟುಗಳು, ಬೇರಿಂಗ್ ಪೆಟ್ಟಿಗೆಗಳು ತುಂಬುತ್ತವೆ. ತಯಾರಕರು ಗೊತ್ತುಮಾಡಿದ ತೂಕವನ್ನು ಮೀರಿದಾಗ ಹಿಂದಿನ ಸ್ಪ್ರಿಂಗುಗಳು ಕುಗ್ಗಿ, ಮುಂದಿನ ಚಕ್ರಗಳ ಹಿಡಿತ ಕಡಿಮೆಯಾಗುತ್ತದೆ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ರಾಚುತ್ತದೆ, ನಿಲ್ಲಲು ಬೇಕಾಗುವ ದೂರ ಹೆಚ್ಚುತ್ತದೆ. ಹಿಂದಿನ ಡ್ರಮ್ ಬ್ರೇಕಿನ ವೀಲ್ ಸಿಲಿಂಡರ್ ಸೋರುತ್ತಿದ್ದರೆ ಶೂಗಳು ಒದ್ದೆಯಾಗಿ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಬ್ರೇಕ್ ದ್ರವದ ಮಟ್ಟ ದಿಢೀರನೆ ಇಳಿದರೆ ತುಂಬಿಸಿ ಸುಮ್ಮನಾಗದೆ ಸೋರಿಕೆಯನ್ನು ಹುಡುಕಿಸಬೇಕು.

ಕ್ಲಚ್, ಸಸ್ಪೆನ್ಷನ್ ಮತ್ತು ಟೈರು

ಕ್ಲಚ್ ಪ್ಲೇಟು ಸವೆದಿರುವುದನ್ನು ಸಮತಟ್ಟಾದ ಖಾಲಿ ರಸ್ತೆಯಲ್ಲಿ ತಿಳಿಯಬಹುದು. ಮೇಲಿನ ಗೇರಿನಲ್ಲಿ ನಿಧಾನವಾಗಿ ಹೋಗುತ್ತ ಆಕ್ಸಿಲರೇಟರನ್ನು ಪೂರ್ಣ ಒತ್ತಿದಾಗ ಎಂಜಿನ್ನಿನ ಸದ್ದು ಏರಿ, ವೇಗ ಏರದಿದ್ದರೆ ಪ್ಲೇಟು ಜಾರುತ್ತಿದೆಯೆಂದು ಅರ್ಥ. ಸಸ್ಪೆನ್ಷನ್ನಿನಲ್ಲಿ ಮೊದಲು ಸೋಲುವವು ರಬ್ಬರ್ ಭಾಗಗಳು. ರಸ್ತೆಯುಬ್ಬಿನ ಮೇಲೆ "ಟಕ್" ಎಂಬ ಸದ್ದು ಬಂದರೆ ಲಿಂಕ್ ರಾಡ್, ಲೋವರ್ ಆರ್ಮ್ ಬುಷ್ ಅಥವಾ ಬಾಲ್ ಜಾಯಿಂಟನ್ನು ನೋಡಬೇಕು. ಸ್ಟಿಯರಿಂಗನ್ನು ಪೂರ್ಣ ತಿರುಗಿಸಿ ಚಲಿಸಿದಾಗ "ಕಟಕಟ" ಸದ್ದು ಬಂದರೆ ಡ್ರೈವ್ ಶಾಫ್ಟಿನ ಹೊರ ಕೀಲು ಸವೆದಿದೆ. ಅದರ ರಬ್ಬರ್ ಕವಚ ಹರಿದಾಗಲೇ ಬದಲಿಸಿದ್ದರೆ ಶಾಫ್ಟೇ ಉಳಿಯುತ್ತಿತ್ತು.

ಟೈರು ತಾನೇ ಒಂದು ವರದಿ. ನಡುವೆ ಸವೆದರೆ ಗಾಳಿ ಹೆಚ್ಚು, ಎರಡೂ ಅಂಚು ಸವೆದರೆ ಗಾಳಿ ಕಡಿಮೆ, ಒಂದೇ ಅಂಚು ಸವೆದರೆ ಅಲೈನ್‌ಮೆಂಟ್ ತಪ್ಪಿದೆ. ಪಕ್ಕದ ಗೋಡೆಯ ಮೇಲಿನ ನಾಲ್ಕು ಅಂಕಿಗಳು ತಯಾರಿಕೆಯ ವಾರ ಮತ್ತು ವರ್ಷವನ್ನು ಹೇಳುತ್ತವೆ: 2319 ಎಂದರೆ 2019ರ 23ನೆಯ ವಾರ. ತಗ್ಗು ಚೆನ್ನಾಗಿದ್ದರೂ ಬಿರುಕುಬಿಟ್ಟ ಹಳೆಯ ಟೈರು ಹೆದ್ದಾರಿಗೆ ಯೋಗ್ಯವಲ್ಲ. ಸ್ಟೆಪ್ನಿಯನ್ನೂ ಇದೇ ರೀತಿ ಪರೀಕ್ಷಿಸಬೇಕು.

ವಿದ್ಯುತ್ ವ್ಯವಸ್ಥೆ, ತುಕ್ಕು ಮತ್ತು ಏರ್‌ಬ್ಯಾಗ್

ರಾತ್ರಿಯೆಲ್ಲ ನಿಂತ ಕಾರಿನ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4 ಇರಬೇಕು. ಎರಡನೆಯದು ಕಡಿಮೆಯಿದ್ದರೆ ಹೊಸ ಬ್ಯಾಟರಿ ಕೊಂಡರೂ ಪ್ರಯೋಜನವಿಲ್ಲ. ಮೊದಲು ಆಲ್ಟರ್ನೇಟರ್, ಅದರ ಬೆಲ್ಟು ಮತ್ತು ಅರ್ಥಿಂಗ್ ತಂತಿಯನ್ನು ನೋಡಬೇಕು. ಕರಾವಳಿಯ ಉಪ್ಪುಗಾಳಿ ಮತ್ತು ಮಲೆನಾಡಿನ ಮಳೆಯಲ್ಲಿ ಬಾಳಿದ ಕಾರುಗಳಲ್ಲಿ ಬಾಗಿಲಿನ ಕೆಳ ಅಂಚು, ಚಕ್ರದ ಕಮಾನು, ಕಾಲಡಿಯ ತಗಡು ತುಕ್ಕು ಹಿಡಿಯುತ್ತವೆ. ಬಾಗಿಲಿನ ಅಡಿಯಲ್ಲಿ ನೀರು ಹೋಗುವ ರಂಧ್ರಗಳನ್ನು ಮಳೆಗಾಲಕ್ಕೆ ಮುನ್ನ ಒಂದು ಕಡ್ಡಿಯಿಂದ ಬಿಡಿಸಿದರೂ ಕಾರಿನ ಆಯುಷ್ಯ ಹೆಚ್ಚುತ್ತದೆ.

ಟಕಾಟಾ ಕಂಪನಿಯ ಏರ್‌ಬ್ಯಾಗ್ ಇನ್‌ಫ್ಲೇಟರ್‌ಗಳು ಸಿಡಿಯುವಾಗ ಲೋಹದ ಚೂರುಗಳನ್ನು ಎಸೆಯಬಹುದೆಂಬ ಕಾರಣದಿಂದ ಪ್ರಪಂಚದಾದ್ಯಂತ ಕೋಟ್ಯಂತರ ಕಾರುಗಳನ್ನು ಹಿಂದಕ್ಕೆ ಕರೆಯಲಾಯಿತು. ಭಾರತದಲ್ಲಿಯೂ 2010ರ ದಶಕದಲ್ಲಿ ಹೋಂಡಾ ಸಿಟಿ ಸೇರಿದಂತೆ ಹಲವು ಮಾದರಿಗಳಿಗೆ ಇದು ಅನ್ವಯಿಸಿತು. ತೇವ ಮತ್ತು ಬಿಸಿಲಿನಲ್ಲಿ ಬಾಳಿದ ಹಳೆಯ ಇನ್‌ಫ್ಲೇಟರ್‌ಗಳಿಗೆ ಅಪಾಯ ಹೆಚ್ಚು. ಬಳಸಿದ ಕಾರು ಕೊಂಡವರು ಚಾಸಿ ಸಂಖ್ಯೆಯನ್ನು ತಯಾರಕರ ಅಧಿಕೃತ ಕೇಂದ್ರಕ್ಕೆ ನೀಡಿ, ಈ ಬದಲಾವಣೆ ಆಗಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು.

ಕಾಗದಪತ್ರ ಮತ್ತು ತೆರಿಗೆ

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ತಪಾಸಣೆಯ ನಂತರ ಅದನ್ನು 5 ವರ್ಷಕ್ಕೆ ನವೀಕರಿಸಬಹುದು. ಇದರ ಕೇಂದ್ರ ಶುಲ್ಕವನ್ನು 2022ರ ಏಪ್ರಿಲ್‌ನಿಂದ 5,000 ರೂ.ಗೆ, 20 ವರ್ಷ ಮೀರಿದ ಕಾರುಗಳಿಗೆ 2025ರ ಆಗಸ್ಟ್‌ನಲ್ಲಿ 10,000 ರೂ.ಗೆ ಏರಿಸಲಾಯಿತು. ಹಳೆಯ ಕಾರನ್ನು ಕೊಳ್ಳುವಾಗ ಈ ದಿನಾಂಕ ಎಷ್ಟು ಹತ್ತಿರವಿದೆಯೆಂಬುದು ಬೆಲೆಯ ಮಾತುಕತೆಯಲ್ಲಿ ಬರಬೇಕು. ಮಾರಿದವರು ರಾಜ್ಯದೊಳಗಿನ ವರ್ಗಾವಣೆಯನ್ನು 14 ದಿನಗಳಲ್ಲಿ, ಕೊಂಡವರು 30 ದಿನಗಳಲ್ಲಿ ಸಾರಿಗೆ ಕಚೇರಿಗೆ ತಿಳಿಸಬೇಕು. ಹೆಸರು ಬದಲಾಗುವವರೆಗೆ ಅಪಘಾತದ ಹೊಣೆ ಆರ್.ಸಿ.ಯಲ್ಲಿ ಹೆಸರಿರುವವರ ಕೊರಳಿಗೆ ಬರಬಹುದು. ವಿಮೆಯ ವರ್ಗಾವಣೆಗೂ 14 ದಿನಗಳೊಳಗೆ ಅರ್ಜಿ ಸಲ್ಲಿಸಬೇಕು.

ಸಂಸ್ಥೆಯ ಹೆಸರಿನಲ್ಲಿರುವ ಕಾರನ್ನು ಮಾರುವಾಗ ಜಿ.ಎಸ್.ಟಿ. ಲೆಕ್ಕವೂ ಇದೆ. 2025ರ ಜನವರಿಯಿಂದ ನೋಂದಾಯಿತ ವ್ಯಕ್ತಿಗಳು ಮಾರುವ ಹಳೆಯ ಕಾರುಗಳಿಗೆ ದರ ಶೇ. 18, ಆದರೆ ಅದು ಪೂರ್ಣ ಬೆಲೆಯ ಮೇಲಲ್ಲ, ಲಾಭಾಂಶದ ಮೇಲೆ ಮಾತ್ರ. ಸವಕಳಿ ಪಡೆದಿರುವ ಕಾರಿಗೆ ಲಾಭಾಂಶವೆಂದರೆ ಮಾರಾಟದ ಬೆಲೆಯಿಂದ ಸವಕಳಿಯ ನಂತರದ ಪುಸ್ತಕಬೆಲೆಯನ್ನು ಕಳೆದುಳಿದ ಮೊತ್ತ. ಪುಸ್ತಕಬೆಲೆ 1,00,000 ರೂ. ಇದ್ದು 1,40,000ಕ್ಕೆ ಮಾರಿದರೆ ತೆರಿಗೆ 40,000ದ ಮೇಲೆ 7,200 ರೂ.; 90,000ಕ್ಕೆ ಮಾರಿದರೆ ತೆರಿಗೆ ಇಲ್ಲ. ಕೊಂಡಾಗ ಹೂಡುವಳಿ ತೆರಿಗೆಯ ಜಮೆ ಪಡೆದಿದ್ದರೆ ಈ ಸೌಲಭ್ಯ ದೊರೆಯದು. ವೈಯಕ್ತಿಕ ಕಾರನ್ನು ಸಾಮಾನ್ಯ ವ್ಯಕ್ತಿಯು ಇನ್ನೊಬ್ಬ ವ್ಯಕ್ತಿಗೆ ಮಾರಿದರೆ ಇದು ಅನ್ವಯಿಸುವುದಿಲ್ಲ.

ಇಟ್ಟುಕೊಳ್ಳಬೇಕೋ, ಮಾರಬೇಕೋ

ದೊಡ್ಡ ದುರಸ್ತಿಯ ಬಿಲ್ಲು ಬಂದ ದಿನ ಅನೇಕರು ಸಿಟ್ಟಿನಿಂದ ಕಾರನ್ನು ಮಾರಿಬಿಡುತ್ತಾರೆ. ಇನ್ನು ಕೆಲವರು ಅಭಿಮಾನದಿಂದ ಖರ್ಚು ಮಾಡುತ್ತಲೇ ಹೋಗುತ್ತಾರೆ. ಎರಡಕ್ಕೂ ಲೆಕ್ಕದ ಆಧಾರವಿಲ್ಲ. ಹೊಸ ಕಾರಿಗಾಗಿ 8 ಲಕ್ಷ ರೂ. ಸಾಲವನ್ನು ಶೇ. 9ರ ಬಡ್ಡಿಯಲ್ಲಿ 5 ವರ್ಷಕ್ಕೆ ಪಡೆದರೆ ಮಾಸಿಕ ಕಂತು ಸುಮಾರು 16,600 ರೂ., ಅಂದರೆ ವರ್ಷಕ್ಕೆ ಸುಮಾರು 2 ಲಕ್ಷ. ಹಳೆಯ ಕಾರಿನ ವರ್ಷದ ಪಾಲನೆ ಮತ್ತು ದುರಸ್ತಿ 60,000 ರೂ. ಆದರೂ ನಗದಿನ ದೃಷ್ಟಿಯಿಂದ ಅದು ಅಗ್ಗವೇ. ದುಡಿಯುವ ಬಂಡವಾಳದ ಕೊರತೆಯಿರುವ ಸಣ್ಣ ಉದ್ಯಮಿಗೆ ಉಳಿದ 1,40,000 ರೂ. ಕಚ್ಚಾ ಸರಕಿಗೆ ಒದಗುತ್ತದೆ.

ಆದರೆ ಈ ಲೆಕ್ಕಕ್ಕೆ ಎರಡು ಕಲಮುಗಳನ್ನು ಸೇರಿಸಬೇಕು. ಒಂದು, ಕಾರು ಗ್ಯಾರೇಜಿನಲ್ಲಿ ನಿಂತ ದಿನಗಳು ಮತ್ತು ಅದರಿಂದ ತಪ್ಪಿದ ವ್ಯಾಪಾರ. ಇನ್ನೊಂದು, ಸುರಕ್ಷತೆ. ಎಂಜಿನ್, ಕ್ಲಚ್, ಹವಾನಿಯಂತ್ರಣ ಇವು ದುರಸ್ತಿಗೆ ಒಗ್ಗುವ ಭಾಗಗಳು. ಖರ್ಚು ಮಾಡಿದರೆ ಮತ್ತೆ ಸರಿಹೋಗುತ್ತವೆ. ಚಾಸಿ ಮತ್ತು ಸಸ್ಪೆನ್ಷನ್ ಕೂರುವ ಜಾಗದ ತಗಡು ತುಕ್ಕಿನಿಂದ ತೂತಾಗಿದ್ದರೆ, ಅಥವಾ ಬ್ರೇಕು ಮತ್ತು ಸ್ಟಿಯರಿಂಗಿನ ಮುಖ್ಯ ಭಾಗಗಳು ಮಾರುಕಟ್ಟೆಯಲ್ಲಿ ಸಿಗದಂತಾಗಿದ್ದರೆ, ಪುಸ್ತಕದ ಲೆಕ್ಕ ಏನೇ ಹೇಳಲಿ, ಆ ಕಾರಿಗೆ ವಿದಾಯ ಹೇಳುವುದೇ ಸರಿ.

ಪಾಲನೆಯ ವೇಳಾಪಟ್ಟಿ

1. ವಾರಕ್ಕೊಮ್ಮೆ: ಎಂಜಿನ್ ಎಣ್ಣೆ, ಕೂಲೆಂಟ್, ಬ್ರೇಕ್ ದ್ರವಗಳ ಮಟ್ಟ, ಟೈರಿನ ಗಾಳಿ, ಗಾಡಿ ನಿಂತ ಜಾಗದಲ್ಲಿ ಸೋರಿಕೆಯ ಕಲೆ.

2. ತಿಂಗಳಿಗೊಮ್ಮೆ: ಬ್ಯಾಟರಿಯ ತುದಿಗಳು, ಎಲ್ಲ ದೀಪಗಳು, ವೈಪರ್, ಹೋಸ್ ಮತ್ತು ಬೆಲ್ಟುಗಳು, ಸ್ಟೆಪ್ನಿ.

3. ಆರು ತಿಂಗಳಿಗೊಮ್ಮೆ: ಬ್ರೇಕ್ ಪ್ಯಾಡ್ ಮತ್ತು ಶೂ, ಅಲೈನ್‌ಮೆಂಟ್, ಡ್ರೈವ್ ಶಾಫ್ಟಿನ ಕವಚ, ಗಾಳಿಯ ಫಿಲ್ಟರ್.

4. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುನ್ನ: ಎಣ್ಣೆ ಮತ್ತು ಫಿಲ್ಟರ್, ಇಂಧನದ ಕೊಳವೆಗಳು, ತಳದ ತುಕ್ಕು, ಬಾಗಿಲ ರಂಧ್ರಗಳು.

5. ಎರಡು ವರ್ಷಕ್ಕೊಮ್ಮೆ: ಕೂಲೆಂಟ್ ಮತ್ತು ಬ್ರೇಕ್ ದ್ರವದ ಪೂರ್ಣ ಬದಲಾವಣೆ.

ಇದೆಲ್ಲಕ್ಕೂ ಬೇಕಾದುದು ಒಂದು ನೋಟ್ ಪುಸ್ತಕ ಮತ್ತು ಒಬ್ಬ ಹೊಣೆಗಾರ. ದಿನಾಂಕ, ಕಿಲೋಮೀಟರು, ಮಾಡಿದ ಕೆಲಸ, ಬಿಡಿಭಾಗದ ಹೆಸರು, ಮೊತ್ತ ಎಂಬ ಐದು ಅಂಕಣಗಳು ಸಾಕು. ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯುವ ಪದ್ಧತಿಯನ್ನು ಇಟ್ಟುಕೊಂಡರೆ ಗ್ಯಾರೇಜಿನವರೊಡನೆ ಅನುಮಾನಕ್ಕೆ ಎಡೆಯಿರುವುದಿಲ್ಲ. ಮುಂದೆ ಕಾರನ್ನು ಮಾರುವ ದಿನ ಬಂದಾಗ ಈ ಪುಸ್ತಕವೇ ಬೆಲೆಯನ್ನು ಎತ್ತಿ ಹಿಡಿಯುತ್ತದೆ. ಅಂಗಡಿಯ ರೋಜು ಪುಸ್ತಕವನ್ನು ಒಂದು ದಿನವೂ ಬಿಡದೆ ಬರೆಯುವ ವ್ಯಾಪಾರ ಬಾಂಧವರಿಗೆ ವಾರಕ್ಕೆ ಇನ್ನೊಂದು ಸಾಲು ಬರೆಯುವುದು ಭಾರವಾಗಲಾರದು.